ಎಸಿಇ2 ಮುಚ್ಚಿದರೆ ಕೊರೋನಾ ನಿಲ್ಲುವುದೇ?

ಪ್ರಶ್ನೆ: ಕೊರೋನಾ ವೈರಸ್ ಎಸಿಇ2 ಎಂಬ ಪ್ರೊಟೀನಿನ ಮೂಲಕ ನಮ್ಮ ಜೀವಕೋಶದೊಳಗೆ ನುಗ್ಗುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಆ ಬಾಗಿಲನ್ನೇ ಮುಚ್ಚಿಬಿಡುವ ಔಷಧ ಏಕಿಲ್ಲ? ಹೈಡ್ರಾಕ್ಸಿಕ್ಲೋರೋಕ್ವಿನ್ ಲ್ಯಾಬಿನಲ್ಲಿ ವೈರಸ್ಸನ್ನು ತಡೆದಿತ್ತಂತೆ, ರೋಗಿಗಳಲ್ಲಿ ಏಕೆ ಸೋತಿತು? ನನ್ನ ತಂದೆ ಬಿಪಿಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಾರೆ. ಅದರಿಂದ ಎಸಿಇ2 ಹೆಚ್ಚಾಗುತ್ತದೆ ಎನ್ನುತ್ತಾರೆ. ನಿಲ್ಲಿಸಬೇಕೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಮಾತ್ರ ಕಾಯುವಂತಿಲ್ಲ. ಮಾತ್ರೆ ನಿಲ್ಲಿಸಬೇಡಿ. 2020ರ ಮಾರ್ಚ್ ಹೊತ್ತಿಗೆ ಹುಟ್ಟಿದ ಈ ಭಯಕ್ಕೆ ಆಧಾರವಾಗಿದ್ದದ್ದು ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳು. ಈ ಗುಂಪಿನ ಔಷಧ ಕೊಟ್ಟ ಪ್ರಾಣಿಗಳ ಕೆಲವು ಅಂಗಗಳಲ್ಲಿ ಎಸಿಇ2 ಹೆಚ್ಚಾಗಿತ್ತು. ಮನುಷ್ಯರಲ್ಲಿ ಇದರಿಂದ ಕೇಡಾಗುತ್ತದೆಯೇ ಎಂದು ಬ್ರೆಜಿಲ್‌ನಲ್ಲಿ ನೇರವಾಗಿ ಪರೀಕ್ಷಿಸಿದರು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ, ಮೊದಲಿನಿಂದಲೂ ಇಂಥ ಬಿಪಿ ಮಾತ್ರೆ ನುಂಗುತ್ತಿದ್ದ 659 ಜನರಲ್ಲಿ ಚೀಟಿ ಎತ್ತಿದಂತೆ ಅರ್ಧದಷ್ಟು ಮಂದಿಗೆ 30 ದಿನ ಮಾತ್ರೆ ನಿಲ್ಲಿಸಿದರು, ಉಳಿದವರಿಗೆ ಮುಂದುವರಿಸಿದರು. ಆ 30 ದಿನಗಳಲ್ಲಿ ಜೀವಂತವಾಗಿ ಆಸ್ಪತ್ರೆಯ ಹೊರಗೆ ಕಳೆದ ದಿನಗಳು ನಿಲ್ಲಿಸಿದವರಲ್ಲಿ ಸರಾಸರಿ 21.9, ಮುಂದುವರಿಸಿದವರಲ್ಲಿ 22.9. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ. ವೈದ್ಯರು ಹೇಳದೆ ಬಿಪಿ ಮಾತ್ರೆ ಬಿಟ್ಟರೆ ಬರುವ ಪಾರ್ಶ್ವವಾಯು, ಹೃದಯಾಘಾತಗಳ ಅಪಾಯವಂತೂ ಊಹೆಯದ್ದಲ್ಲ.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸೋಣ. ಎಸಿಇ ಬೇರೆ, ಎಸಿಇ2 ಬೇರೆ. ಹತ್ತು ಅಮೈನೋ ಆಮ್ಲಗಳ (ಪ್ರೊಟೀನು ಕಟ್ಟುವ ಸಣ್ಣ ಮಣಿಗಳಿವು) ಸರವಾದ ಆಂಜಿಯೋಟೆನ್ಸಿನ್-1ರಿಂದ ಎರಡನ್ನು ಕತ್ತರಿಸಿ, ರಕ್ತನಾಳ ಬಿಗಿಸುವ ಆಂಜಿಯೋಟೆನ್ಸಿನ್-2 ಮಾಡುವುದು ಎಸಿಇ. ಆ ಆಂಜಿಯೋಟೆನ್ಸಿನ್-2ರ ಬಾಲದಿಂದ ಇನ್ನೊಂದನ್ನು ಕತ್ತರಿಸಿ ಅದರ ಬಿಗಿತ ಇಳಿಸುವುದು ಎಸಿಇ2. ಅಂದರೆ ಒಂದು ಬಿಪಿ ಏರಿಸುವ ಕಡೆ, ಇನ್ನೊಂದು ಇಳಿಸುವ ಕಡೆ. ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳು ತಡೆಯುವುದು ಎಸಿಇಯನ್ನು. ಎಸಿಇ2ರ ಮೇಲೆ ಅವುಗಳ ಆಟ ನಡೆಯುವುದಿಲ್ಲ. ಟೆಲ್ಮಿಸಾರ್ಟಾನ್ ಇವೆರಡನ್ನೂ ಮುಟ್ಟದೆ, ಆಂಜಿಯೋಟೆನ್ಸಿನ್-2 ಹೋಗಿ ಕೂರುವ ರಿಸೆಪ್ಟರನ್ನು ಮುಚ್ಚುತ್ತದೆ.

ಇನ್ನು ನಿಮ್ಮ ಬಾಗಿಲಿನ ಮಾತು. ಟಿವಿಯವರು ಬೀಗ-ಕೀಲಿಯ ಚಿತ್ರ ತೋರಿಸಿ ತೋರಿಸಿ, ಎಸಿಇ2ಗೆ ಅಂಟಿಕೊಂಡರೆ ವೈರಸ್ ಒಳಗೆ ಹೋದಂತೆಯೇ ಎಂಬ ಭಾವನೆ ಗಟ್ಟಿಯಾಗಿದೆ. ವಾಸ್ತವ ಹಾಗಿಲ್ಲ. ಎಸಿಇ2 ವೈರಸ್ಸನ್ನು ಹಿಡಿದು ನಿಲ್ಲಿಸುತ್ತದೆ, ಅದರ ಮೈಮೇಲಿನ ಮುಳ್ಳಿನಂಥ ಪ್ರೊಟೀನಾದ ಸ್ಪೈಕ್ ಸಡಿಲಗೊಳ್ಳಲು ನೆರವಾಗುತ್ತದೆ. ಒಳಗೆ ಹೋಗಬೇಕಾದರೆ ಆ ಸ್ಪೈಕನ್ನು ಎರಡು ಕಡೆ ಕತ್ತರಿಸಬೇಕು. ಕತ್ತರಿ, ಅಂದರೆ ಪ್ರೊಟೀನನ್ನು ತುಂಡರಿಸುವ ಕಿಣ್ವ, ವೈರಸ್ ಬಳಿ ಇಲ್ಲ. ನಮ್ಮ ಜೀವಕೋಶದ್ದನ್ನೇ ಬಳಸುತ್ತದೆ. ಯಾವ ಕತ್ತರಿ, ಎಲ್ಲಿದೆ ಎಂಬುದರ ಮೇಲೆ ವೈರಸ್ ಹಿಡಿಯುವ ದಾರಿ ನಿಂತಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಸೋತದ್ದಕ್ಕೂ ಕಾರಣ ಅಲ್ಲೇ ಇದೆ.

ಸ್ಪೈಕಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವೈರಸ್ ಕಣದ ಅಡ್ಡಳತೆ ಸುಮಾರು 100 ನ್ಯಾನೋಮೀಟರ್. ಪತ್ರಿಕೆಗಳ ಚಿತ್ರದಲ್ಲಿ ಮೈತುಂಬ ಮುಳ್ಳು ಕಾಣುತ್ತದೆ, ಆದರೆ ಎಣಿಸಿದಾಗ ಸಿಕ್ಕದ್ದು ಕಣವೊಂದಕ್ಕೆ ಸರಾಸರಿ 25ರ ಆಸುಪಾಸು. ಪ್ರತಿ ಸ್ಪೈಕ್ ಒಂದೇ ಬಗೆಯ ಮೂರು ಎಳೆಗಳು ಹೆಣೆದುಕೊಂಡದ್ದು. ಪ್ರತಿ ಎಳೆಯಲ್ಲಿ 1273 ಅಮೈನೋ ಆಮ್ಲಗಳು. 685ರವರೆಗಿನ ಹೊರಭಾಗಕ್ಕೆ ಎಸ್1 ಎಂದೂ, 686ರಿಂದ ಮುಂದಿನದಕ್ಕೆ ಎಸ್2 ಎಂದೂ ಹೆಸರು. ಎಸ್1ರ ಕೆಲಸ ಹಿಡಿಯುವುದು, ಎಸ್2ರ ಕೆಲಸ ವೈರಸ್ಸಿನ ಪೊರೆಯನ್ನು ಜೀವಕೋಶದ ಪೊರೆಯೊಂದಿಗೆ ಬೆಸೆಯುವುದು. ಎಸ್1ರೊಳಗೆ 319ರಿಂದ 541ರವರೆಗಿನ ತುಣುಕು ಎಸಿಇ2ನ್ನು ಮುಟ್ಟುತ್ತದೆ. ಇದನ್ನು ಆರ್‌ಬಿಡಿ ಎನ್ನುತ್ತಾರೆ. ಹೈದರಾಬಾದಿನ ಕಾರ್ಬೆವ್ಯಾಕ್ಸ್ ಲಸಿಕೆಯಲ್ಲಿ ಇರುವುದು ಈ ತುಣುಕು ಮಾತ್ರ.

ಪ್ರತಿ ಎಳೆಯ ಮೇಲೆ ಸಕ್ಕರೆಯ ಸರಪಳಿ ಅಂಟುವ 22 ಜಾಗಗಳಿವೆ, ಅಂದರೆ ಇಡೀ ಸ್ಪೈಕಿಗೆ 66. ಆ ಸಕ್ಕರೆಯೂ ನಮ್ಮ ಜೀವಕೋಶವೇ ಅಂಟಿಸಿದ್ದು. ಆ್ಯಂಟಿಬಾಡಿಗಳ ಕಣ್ಣಿಗೆ ಬೀಳದಂತೆ ಅದು ಪ್ರೊಟೀನನ್ನು ಮರೆಮಾಡುತ್ತದೆ. ಆರ್‌ಬಿಡಿ ಮಲಗಿದ್ದಾಗ ಅದರ ಹಿಡಿಯುವ ಮುಖ ಮುಚ್ಚಿರುತ್ತದೆ, ಎದ್ದು ನಿಂತಾಗ ಮಾತ್ರ ಎಸಿಇ2 ಅದಕ್ಕೆ ಎಟುಕುತ್ತದೆ. ಮೂರರಲ್ಲಿ ಒಂದೋ ಎರಡೋ ಎದ್ದು, ಮತ್ತೆ ಮಲಗಿ, ಹೀಗೆ ತೂಗಾಡುತ್ತಿರುತ್ತವೆ.

ಎಸಿಇ2ನ್ನು ಸಾರ್ಸ್ ಎಂಬ ಹಳೆಯ ಕೊರೋನಾ ವೈರಸ್ಸಿನ ರಿಸೆಪ್ಟರ್ (ಅಂದರೆ ವೈರಸ್ ಹಿಡಿಯುವ ಪ್ರೊಟೀನ್) ಎಂದು ಗುರುತಿಸಿದ್ದು 2003ರಲ್ಲಿ, ಬಾಸ್ಟನ್ನಿನ ಮೈಕಲ್ ಫರ್ಜಾನ್ ಅವರ ತಂಡ. ಸಾರ್ಸ್ ಸ್ಪೈಕಿನ ಎಸ್1 ತುಣುಕನ್ನೇ ಗಾಳವಾಗಿ ಬಳಸಿ, ವೀರೋ-ಇ6 ಎಂಬ ಮಂಗನ ಮೂತ್ರಪಿಂಡದ ಕೋಶಗಳಿಂದ ಅದಕ್ಕೆ ಅಂಟಿ ಬಂದ ಪ್ರೊಟೀನ್ ಯಾವುದೆಂದು ನೋಡಿದರು. ಹಾಗಾಗಿ 2020ರಲ್ಲಿ ಹೊಸ ವೈರಸ್ ಬಂದಾಗ ಎಲ್ಲಿ ಹುಡುಕಬೇಕೆಂದು ಮೊದಲೇ ಗೊತ್ತಿತ್ತು. ಹೊಸದರ ಹಿಡಿತ ಹಳೆಯ ಸಾರ್ಸ್‌ಗಿಂತ ಹಲವು ಪಟ್ಟು ಬಿಗಿ ಎಂದೂ ಬೇಗನೆ ತಿಳಿಯಿತು.

ಈ ಹಿಡಿತ ಎಷ್ಟು ನಾಜೂಕಿನದು ಎಂಬುದಕ್ಕೆ ಇಲಿಯ ಉದಾಹರಣೆ ಸಾಕು. ಮನುಷ್ಯನ ಎಸಿಇ2ನಲ್ಲಿ 31 ಮತ್ತು 353ನೇ ಸ್ಥಾನಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಇದೆ. ಪ್ರಯೋಗಾಲಯದ ಇಲಿಯಲ್ಲಿ ಆ ಜಾಗಗಳಲ್ಲಿ ಬೇರೆ ಅಮೈನೋ ಆಮ್ಲಗಳಿವೆ, 353ರಲ್ಲಿ ಹಿಸ್ಟಿಡೀನ್. ಇಷ್ಟರಿಂದಲೇ ವುಹಾನ್ ಮೂಲದ ವೈರಸ್ಸಿಗೆ ಇಲಿ ಒಗ್ಗಲಿಲ್ಲ, ಮನುಷ್ಯನ ಎಸಿಇ2 ಜೀನ್ ಸೇರಿಸಿದ ಇಲಿಗಳೇ ಬೇಕಾದವು. ಆಮೇಲೆ ಆಲ್ಫಾ ತಳಿ ಬಂತು. ಅದರ ಸ್ಪೈಕಿನ 501ನೇ ಸ್ಥಾನದಲ್ಲಿ ಆಸ್ಪರಜೀನ್ ಹೋಗಿ ಟೈರೋಸೀನ್ ಕೂತಿತ್ತು. ಅದೊಂದು ಬದಲಾವಣೆ ಮನುಷ್ಯನ ಎಸಿಇ2 ಮೇಲಿನ ಹಿಡಿತವನ್ನೂ ಬಿಗಿ ಮಾಡಿತು, ಸಾಮಾನ್ಯ ಇಲಿಗೂ ಸೋಂಕು ತಗಲುವಂತೆ ಮಾಡಿತು.

ಹಾಗಂತ ರಿಸೆಪ್ಟರ್ ಒಂದೇ ಕಾಯಿಲೆಯ ತೀವ್ರತೆ ನಿರ್ಧರಿಸುತ್ತದೆ ಅಂದುಕೊಂಡರೆ ಮೋಸ ಹೋಗುತ್ತೇವೆ. ಎನ್‌ಎಲ್63 ಎಂಬ ಇನ್ನೊಂದು ಕೊರೋನಾ ವೈರಸ್ ಪ್ರಪಂಚದಾದ್ಯಂತ ಮಕ್ಕಳಿಗೆ ನೆಗಡಿ ತರುತ್ತಿರುತ್ತದೆ. ಅದೂ ಹಿಡಿಯುವುದು ಇದೇ ಎಸಿಇ2ನ್ನೇ.

ಜೀವಕೋಶದ ಮೇಲೆ ಎಸಿಇ2 ವಿರಳ. ಅದು ಸಿಗುವ ಮೊದಲು ವೈರಸ್ ಕೋಶದ ಮೈಮೇಲಿನ ಹೆಪರಾನ್ ಸಲ್ಫೇಟ್ ಎಂಬ ಋಣವಿದ್ಯುತ್ತಿನ ಸಕ್ಕರೆ ಎಳೆಗಳಿಗೆ ಸಡಿಲವಾಗಿ ಅಂಟಿ ಓಡಾಡಿಕೊಂಡಿರುತ್ತದೆ. ನ್ಯೂರೋಪಿಲಿನ್-1 ಎಂಬ ಪ್ರೊಟೀನ್ ಕೂಡ, ಕತ್ತರಿಸಿದ ಎಸ್1ರ ತುದಿಯನ್ನು ಹಿಡಿದು ಸೋಂಕಿಗೆ ಒತ್ತಾಸೆ ಕೊಡುತ್ತದೆ. ಇವು ಸಹಾಯಕರು, ಎಸಿಇ2ಗೆ ಬದಲಿಯಲ್ಲ.

ಇನ್ನು ಕತ್ತರಿಗಳಿಗೆ ಬರೋಣ. ಮೊದಲನೆಯದು ಫ್ಯೂರಿನ್, ಮತ್ತು ಇಲ್ಲಿ ಬಹಳ ಜನ ಎಡವುತ್ತಾರೆ. ಫ್ಯೂರಿನ್ ಕೆಲಸ ಮಾಡುವುದು ವೈರಸ್ ಒಳಗೆ ಬರುವಾಗ ಅಲ್ಲ, ಹಿಂದಿನ ಕೋಶದಿಂದ ಹೊರಗೆ ಹೋಗುವಾಗ. ಸೋಂಕು ತಗಲಿದ ಕೋಶದಲ್ಲಿ ಹೊಸ ಸ್ಪೈಕ್ ತಯಾರಾಗಿ, ಪ್ರೊಟೀನುಗಳನ್ನು ಹದಗೊಳಿಸಿ ಹೊರಗೆ ಕಳಿಸುವ ಗಾಲ್ಜಿ ಎಂಬ ಕೋಶದ ಭಾಗದ ಮೂಲಕ ಸಾಗುವಾಗ, ಅಲ್ಲಿರುವ ಫ್ಯೂರಿನ್ 685ರ ಪಕ್ಕದಲ್ಲಿ ಅದನ್ನು ತುಂಡರಿಸುತ್ತದೆ. ಎಸ್1, ಎಸ್2 ಬೇರೆಯಾದರೂ ಬಿಟ್ಟುಹೋಗುವುದಿಲ್ಲ, ಪರಸ್ಪರ ಅಂಟಿಕೊಂಡೇ ಇರುತ್ತವೆ. ಅಂದರೆ ಮುಂದಿನ ಕೋಶಕ್ಕೆ ಬರುವ ವೈರಸ್ಸಿನಲ್ಲಿ ಮೊದಲ ಕತ್ತರಿ ಆಗಲೇ ಬಿದ್ದಿರುತ್ತದೆ. 2003ರ ಸಾರ್ಸ್‌ಗೆ ಈ ಫ್ಯೂರಿನ್ ಜಾಗ ಇರಲಿಲ್ಲ, ಮರ್ಸ್ ಎಂಬ ಇನ್ನೊಂದು ಕೊರೋನಾ ವೈರಸ್ಸಿಗೆ ಇದೆ.

ಎರಡನೆಯ ಕತ್ತರಿ ಟಿಎಂಪಿಆರ್‌ಎಸ್‌ಎಸ್2; ಲ್ಯಾಬಿನವರ ಬಾಯಲ್ಲಿ ಟೆಂಪ್ರೆಸ್-2. ಇದು ಮೂಗು, ಶ್ವಾಸನಾಳ, ಪುಪ್ಪುಸ, ಕರುಳಿನ ಕೋಶಗಳ ಹೊರಮೈಯಲ್ಲೇ ಇರುತ್ತದೆ. ಎಸಿಇ2 ಸ್ಪೈಕನ್ನು ಹಿಡಿದಾಗ ಎಸ್1 ಕದಲಿ, ಎಸ್2ರೊಳಗೆ 815ನೇ ಸ್ಥಾನದ ಪಕ್ಕದ ಜಾಗ ಹೊರಗೆ ಕಾಣುತ್ತದೆ. ಟೆಂಪ್ರೆಸ್ ಅಲ್ಲಿ ಕತ್ತರಿಸುತ್ತದೆ. ಆಮೇಲಿನದ್ದೆಲ್ಲ ಬಹಳ ಬೇಗ ನಡೆಯುತ್ತದೆ. ಎಸ್2 ಎಂಬುದು ಸ್ಪ್ರಿಂಗ್ ಎಳೆದಿಟ್ಟ ಇಲಿಬೋನಿನ ಹಾಗೆ: ಬೇಕಾದ ಶಕ್ತಿಯನ್ನೆಲ್ಲ ಮಡಿಕೆಯಲ್ಲೇ ತುಂಬಿಟ್ಟುಕೊಂಡಿದೆ, ಕೊಂಡಿ ತಪ್ಪಿದರೆ ಸಾಕು. ಕತ್ತರಿ ಬಿದ್ದೊಡನೆ ಎಸ್1 ಕಳಚುತ್ತದೆ, ಎಸ್2 ಉದ್ದಕ್ಕೆ ಚಿಮ್ಮಿ ತನ್ನ ತುದಿಯನ್ನು ಜೀವಕೋಶದ ಪೊರೆಗೆ ಚುಚ್ಚುತ್ತದೆ. ಒಂದು ತುದಿ ವೈರಸ್ ಪೊರೆಯಲ್ಲಿ, ಇನ್ನೊಂದು ನಮ್ಮ ಪೊರೆಯಲ್ಲಿ. ಈಗ ಅದು ನಡುವೆ ಮಡಚಿಕೊಳ್ಳುತ್ತದೆ. ಎಚ್‌ಆರ್1, ಎಚ್‌ಆರ್2 ಎಂಬ ಸುರುಳಿಗಳು, ಮೂರು ಎಳೆಗಳಿಂದ ಒಟ್ಟು ಆರು, ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಳ್ಳುತ್ತವೆ. ಆ ಎಳೆತಕ್ಕೆ ಎರಡು ಪೊರೆಗಳು ಒತ್ತಿ ಬೆಸೆದು, ನಡುವೆ ರಂಧ್ರ ತೆರೆದು, ವೈರಸ್ಸಿನ ಆರ್‌ಎನ್‌ಎ ಕೋಶದೊಳಗೆ ಇಳಿಯುತ್ತದೆ.

ಚಿಮ್ಮಿದ ಎಸ್2 ಮತ್ತೆ ಮೊದಲಿನ ಆಕಾರಕ್ಕೆ ಬಾರದು. ಅದರಿಂದ ಲಸಿಕೆ ಮಾಡುವವರಿಗೆ ತಲೆನೋವು: ಬೇಡದ ಹೊತ್ತಿನಲ್ಲಿ ಚಿಮ್ಮಿಬಿಟ್ಟ ಸ್ಪೈಕಿನ ವಿರುದ್ಧ ತಯಾರಾಗುವ ಆ್ಯಂಟಿಬಾಡಿ ವೈರಸ್ಸನ್ನು ತಡೆಯಲು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಫೈಜರ್, ಮಾಡರ್ನಾ ಲಸಿಕೆಗಳಲ್ಲಿ 986, 987ನೇ ಸ್ಥಾನಗಳಿಗೆ ಬಾಗದ ಪ್ರೋಲೀನ್ ಹಾಕಿ ಎಸ್2 ಚಿಮ್ಮದಂತೆ ತಡೆದಿದ್ದರು. ಕೋವಿಶೀಲ್ಡ್‌ನಲ್ಲಿ ಆ ಬದಲಾವಣೆ ಇರಲಿಲ್ಲ. ಕೋವ್ಯಾಕ್ಸಿನ್ ಅಂತೂ ನಿಷ್ಕ್ರಿಯಗೊಳಿಸಿದ ಇಡೀ ವೈರಸ್.

ಟೆಂಪ್ರೆಸ್ ಇಲ್ಲದ ಕೋಶದಲ್ಲಿ ಏನಾಗುತ್ತದೆ? ಎಸಿಇ2ಗೆ ಅಂಟಿದ ವೈರಸ್ಸನ್ನು ಕೋಶ ಪೊರೆಸಮೇತ ಒಳಕ್ಕೆ ಎಳೆದುಕೊಂಡು ಎಂಡೋಸೋಮ್ ಎಂಬ ಚೀಲದಲ್ಲಿ ಇಡುತ್ತದೆ. ಚೀಲ ಒಳಗೆ ಸಾಗಿದಂತೆ ಅದರ ಆಮ್ಲೀಯತೆ ಏರುತ್ತದೆ. ಪಿಎಚ್ 7ರ ಮೇಲಿದ್ದದ್ದು 5ರ ಸುತ್ತ ಬರುತ್ತದೆ. ಆ ಹುಳಿಯಲ್ಲೇ ಚುರುಕಾಗುವ ಕೆಥೆಪ್ಸಿನ್-ಎಲ್ ಎಂಬ ಕಿಣ್ವ ಟೆಂಪ್ರೆಸ್‌ನ ಕೆಲಸ ಮಾಡುತ್ತದೆ, ಬೆಸುಗೆ ಚೀಲದ ಗೋಡೆಯಲ್ಲಿ ಆಗುತ್ತದೆ. ಹೀಗೆ ಎರಡು ದಾರಿ: ಹೊರಮೈಯಲ್ಲೇ ಟೆಂಪ್ರೆಸ್‌ನಿಂದ, ಇಲ್ಲವೇ ಚೀಲದೊಳಗೆ ಕೆಥೆಪ್ಸಿನ್‌ನಿಂದ.

ಈಗ ಹೈಡ್ರಾಕ್ಸಿಕ್ಲೋರೋಕ್ವಿನ್. ಇದೂ ಇದರಣ್ಣ ಕ್ಲೋರೋಕ್ವಿನ್ ಕೂಡ ದುರ್ಬಲ ಪ್ರತ್ಯಾಮ್ಲಗಳು. ಎಂಡೋಸೋಮಿನಲ್ಲಿ ಸೇರಿಕೊಂಡು ಅಲ್ಲಿನ ಹುಳಿ ತಗ್ಗಿಸುತ್ತವೆ, ಕೆಥೆಪ್ಸಿನ್ ಮಂಕಾಗುತ್ತದೆ. 2020ರ ಫೆಬ್ರವರಿಯಲ್ಲಿ ಚೀನಾದಿಂದ ಬಂದ ವರದಿಯಲ್ಲಿ ಕ್ಲೋರೋಕ್ವಿನ್ ಕೇವಲ 1.13 ಮೈಕ್ರೋಮೋಲಾರ್ ಪ್ರಮಾಣದಲ್ಲಿ ವೈರಸ್ಸನ್ನು ಅರ್ಧಕ್ಕೆ ಇಳಿಸಿತ್ತು. ಆ ಪ್ರಯೋಗ ನಡೆದದ್ದು ವೀರೋ-ಇ6 ಕೋಶಗಳಲ್ಲಿ. ವೀರೋದಲ್ಲಿ ಟೆಂಪ್ರೆಸ್ ಬಹುತೇಕ ಇಲ್ಲ, ವೈರಸ್ಸಿಗೆ ಚೀಲದ ದಾರಿ ಒಂದೇ. ಇರುವ ಒಂದೇ ದಾರಿಗೆ ಅಡ್ಡ ಹಾಕಿದರೆ ವೈರಸ್ ನಿಲ್ಲದೆ ಏನಾದೀತು? ಜರ್ಮನಿಯ ತಂಡವೊಂದು ಅದೇ ಔಷಧವನ್ನು ಮನುಷ್ಯನ ಪುಪ್ಪುಸ ಮೂಲದ, ಟೆಂಪ್ರೆಸ್ ಇರುವ ಕ್ಯಾಲು-3 (Calu-3) ಎಂಬ ಕೋಶಗಳಲ್ಲಿ ಪರೀಕ್ಷಿಸಿದಾಗ ಸೋಂಕು ನಿಲ್ಲಲೇ ಇಲ್ಲ. ಆ ವರದಿ ಬಂದದ್ದು 2020ರ ಜುಲೈನಲ್ಲಿ. ಅಷ್ಟರಲ್ಲಿ ನಮ್ಮ ಐಸಿಎಂಆರ್ ಮಾರ್ಚ್‌ನಲ್ಲೇ ಆರೋಗ್ಯ ಸಿಬ್ಬಂದಿಗೆ ಮೊದಲ ದಿನ 400 ಮಿಲಿಗ್ರಾಂ ಎರಡು ಸಲ, ಆಮೇಲೆ ಏಳು ವಾರ ವಾರಕ್ಕೊಮ್ಮೆ 400 ಎಂದು ಸಲಹೆ ಕೊಟ್ಟಾಗಿತ್ತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಔಷಧ ಪಡೆದ 1561 ರೋಗಿಗಳಲ್ಲಿ 28 ದಿನಗಳೊಳಗೆ ಸತ್ತವರು ಶೇ 27, ಪಡೆಯದ 3155 ಜನರಲ್ಲಿ ಶೇ 25. ಔಷಧ ಕೆಟ್ಟದಾಗಿ ತಯಾರಾಗಿತ್ತು ಅಂತಲ್ಲ. ವೈರಸ್ ಹೆಚ್ಚಾಗಿ ಹಿಡಿಯದ ದಾರಿಗೆ ಅದು ಅಡ್ಡ ಹಾಕಿತ್ತು.

ವೀರೋ ಕೋಶಗಳಿಂದ ಇನ್ನೊಂದು ಎಡವಟ್ಟೂ ಆಗುತ್ತದೆ. ಅವುಗಳಲ್ಲೇ ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿದರೆ ಸ್ಪೈಕಿನ ಫ್ಯೂರಿನ್ ಜಾಗವೇ ಅಳಿಸಿಹೋಗುತ್ತದೆ, ಏಕೆಂದರೆ ಚೀಲದ ದಾರಿಗೆ ಅದು ಬೇಕಿಲ್ಲ, ಅದಿಲ್ಲದ ಗಟ್ಟಿ ಸ್ಪೈಕಿಗೇ ಅನುಕೂಲ. ಹಾಗೆ ಬೆಳೆಸಿದ ವೈರಸ್ ಮನುಷ್ಯನ ಶ್ವಾಸನಾಳದ ಕೋಶಗಳಲ್ಲಿ ಸೊರಗುತ್ತದೆ. ಆದ್ದರಿಂದ ಲ್ಯಾಬುಗಳು ಟೆಂಪ್ರೆಸ್ ಸೇರಿಸಿದ ವೀರೋ ಕೋಶಗಳನ್ನು ಬಳಸುತ್ತವೆ, ಸಂಗ್ರಹದ ವೈರಸ್ಸಿನ ಜೀನ್ ಅನುಕ್ರಮವನ್ನು ಆಗಾಗ ಓದಿ ನೋಡುತ್ತವೆ.

ಹಾಗಾದರೆ ಟೆಂಪ್ರೆಸ್‌ಗೆ ಅಡ್ಡ ಹಾಕಬಾರದೇ? ಯೋಚನೆ ಸರಿಯಾಗಿಯೇ ಇದೆ. ಈ ಜೀನ್ ತೆಗೆದುಹಾಕಿದ ಇಲಿಗಳು ಆರೋಗ್ಯವಾಗಿಯೇ ಬದುಕುತ್ತವೆ. ಜಪಾನಿನಲ್ಲಿ ದೀರ್ಘಕಾಲದ ಪ್ಯಾಂಕ್ರಿಯಾಸ್ ಉರಿಯೂತಕ್ಕೆ ಕೊಡುವ ಕ್ಯಾಮೊಸ್ಟಾಟ್ ಎಂಬ ಮಾತ್ರೆ ಟೆಂಪ್ರೆಸ್ ತಡೆಯುತ್ತದೆ. ಪುಪ್ಪುಸ ಕೋಶಗಳಲ್ಲಿ ಸೋಂಕನ್ನೂ ಇಳಿಸಿತ್ತು. ಡೆನ್ಮಾರ್ಕ್ ನೇತೃತ್ವದ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದವರಿಗೆ 200 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, ಐದು ದಿನ ಕೊಟ್ಟರು. ಗುಣ ಕಾಣಲಿಲ್ಲ. ನನಗೆ ಎರಡು ಕಾರಣ ಮುಖ್ಯವೆನಿಸುತ್ತವೆ. ರಕ್ತದಲ್ಲಿ ಕ್ಯಾಮೊಸ್ಟಾಟ್ ನಿಮಿಷಗಳಲ್ಲೇ ಒಡೆದು ಕಡಿಮೆ ಬಲದ ರೂಪಕ್ಕೆ ಬರುತ್ತದೆ. ಜೊತೆಗೆ, ಆಸ್ಪತ್ರೆಗೆ ಬರುವ ಹೊತ್ತಿಗೆ ವೈರಸ್ಸಿನ ಏರಿಕೆ ಮುಗಿಯುತ್ತ ಬಂದಿರುತ್ತದೆ, ರೋಗಿಯನ್ನು ಕಾಡುತ್ತಿರುವುದು ದೇಹದ್ದೇ ಉರಿಯೂತ. ಪ್ರವೇಶ ತಡೆಯುವ ಔಷಧವನ್ನು ಪ್ರವೇಶವೆಲ್ಲ ಮುಗಿದ ಮೇಲೆ ಕೊಟ್ಟರೆ ಏನು ಪ್ರಯೋಜನ?

ಅಷ್ಟರಲ್ಲಿ ವೈರಸ್ಸೂ ದಾರಿ ಬದಲಿಸಿತು. ಓಮಿಕ್ರಾನ್ ಬಂದಾಗ ಅದರ ಸ್ಪೈಕ್ ಟೆಂಪ್ರೆಸ್ಸನ್ನು ಡೆಲ್ಟಾದಷ್ಟು ಚೆನ್ನಾಗಿ ಬಳಸದೆ, ಚೀಲದ ದಾರಿಗೆ ಹೆಚ್ಚು ವಾಲಿತು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ತಂಡ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯರ ಅಂಗಾಂಶದಲ್ಲಿ ಬೆಳೆಸಿ ನೋಡಿದಾಗ, 24 ಗಂಟೆಯ ಹೊತ್ತಿಗೆ ಶ್ವಾಸನಾಳದ ಕವಲುಗಳಲ್ಲಿ ಓಮಿಕ್ರಾನ್ ಡೆಲ್ಟಾಗಿಂತ ಸುಮಾರು 70 ಪಟ್ಟು ಹೆಚ್ಚಿತ್ತು; ಪುಪ್ಪುಸದ ಅಂಗಾಂಶದಲ್ಲಿ ಮೂಲ ತಳಿಗಿಂತ 10 ಪಟ್ಟಿಗೂ ಹೆಚ್ಚು ಕಡಿಮೆಯಿತ್ತು. ಬೇಗ ಹರಡಿದರೂ ಪುಪ್ಪುಸವನ್ನು ಅಷ್ಟು ಹಾಳುಗೆಡವದ್ದಕ್ಕೆ ಇದೊಂದು ಕಾರಣ. ಲಸಿಕೆ ಮತ್ತು ಹಿಂದಿನ ಸೋಂಕಿನ ರಕ್ಷಣೆಯೂ ಜೊತೆಗಿತ್ತು, ಅದನ್ನು ಮರೆತು ಎಲ್ಲವನ್ನೂ ಟೆಂಪ್ರೆಸ್ ತಲೆಗೆ ಕಟ್ಟುವುದು ಸರಿಯಲ್ಲ.

ನಿಮ್ಮ ಮೂಲ ಪ್ರಶ್ನೆ, ಎಸಿಇ2ನ್ನೇ ಮುಚ್ಚುವುದು. ಎರಡು ತೊಡಕಿವೆ. ವೈರಸ್ ಹಿಡಿಯುವ ಜಾಗ ಎಸಿಇ2ರ ಹೊರತುದಿಯಲ್ಲಿದೆ, ಅದು ಕಿಣ್ವವಾಗಿ ಕೆಲಸ ಮಾಡುವ ಬಿರುಕಿನಲ್ಲಲ್ಲ. ಬಿರುಕಿಗೆ ಸಣ್ಣ ಅಣುವೊಂದನ್ನು ತುರುಕಿ ಕಿಣ್ವವನ್ನು ನಿಲ್ಲಿಸಿದರೂ ಸ್ಪೈಕ್ ಹಾಯಾಗಿ ಅಂಟಿಕೊಳ್ಳಬಲ್ಲದು. ಎಸಿಇ2ನ್ನೇ ಇಲ್ಲವಾಗಿಸಿದರೆ ಆಂಜಿಯೋಟೆನ್ಸಿನ್-2 ಏರುತ್ತದೆ. ಕರುಳಿನಲ್ಲಿ ಅಮೈನೋ ಆಮ್ಲ ಹೀರುವ ಪ್ರೊಟೀನಿಗೆ ಎಸಿಇ2 ಜೊತೆಗಾರ, ಅದಕ್ಕೂ ಪೆಟ್ಟು. ಆದ್ದರಿಂದ ಜೀವಕೋಶವನ್ನು ಬಿಟ್ಟು ವೈರಸ್ ಕಡೆಯಿಂದಲೇ ಮುಚ್ಚುವುದು ವಿವೇಕ. ಆರ್‌ಬಿಡಿಗೆ ಅಂಟುವ ಆ್ಯಂಟಿಬಾಡಿಗಳು ಮಾಡುವುದು ಅದನ್ನೇ. ರೂಪಾಂತರ ಆದಾಗಲೆಲ್ಲ ಅವು ಸವೆಯುತ್ತವೆ. ಎಸ್2ರ ಸುರುಳಿಗಳು ಅಷ್ಟು ಬೇಗ ಬದಲಾಗುವುದಿಲ್ಲ. ಎಚ್‌ಆರ್2ನ್ನು ಹೋಲುವ, ಕೊಬ್ಬು ಅಂಟಿಸಿದ ಪೆಪ್ಟೈಡನ್ನು (ಪ್ರೊಟೀನಿನ ಚಿಕ್ಕ ತುಣುಕು) ಫೆರೆಟ್ ಪ್ರಾಣಿಗಳ ಮೂಗಿಗೆ ಹಾಕಿ, ಸೋಂಕಿತ ಫೆರೆಟ್ ಜೊತೆ ಒಂದೇ ಗೂಡಿನಲ್ಲಿ 24 ಗಂಟೆ ಇಟ್ಟರೂ ಸೋಂಕು ಹರಡದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಆರು ಸುರುಳಿ ಕಟ್ಟಿಕೊಳ್ಳುವ ಮುನ್ನ ಈ ಪೆಪ್ಟೈಡ್ ಅವುಗಳ ನಡುವೆ ಸೇರಿಬಿಡುತ್ತದೆ.

ಮನೆಯಲ್ಲಿ ಯಾರಾದರೂ ಸಕ್ಕರೆ ಕಾಯಿಲೆಗೆ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ನುಂಗುತ್ತಿದ್ದರೆ ಮುಂದಿನ ಪ್ರಶ್ನೆ ಅದೇ ಆಗುವ ಸಂಭವ, ಈಗಲೇ ಹೇಳಿಬಿಡುತ್ತೇನೆ. ಈ ಮಾತ್ರೆಗಳು ತಡೆಯುವ ಡಿಪಿಪಿ4 ಎಂಬ ಪ್ರೊಟೀನೇ ಮರ್ಸ್ ವೈರಸ್ಸಿನ ರಿಸೆಪ್ಟರ್. 2013ರಲ್ಲಿ ಅದನ್ನು ಪತ್ತೆಹಚ್ಚಿದವರು ಈ ಮಾತ್ರೆಗಳನ್ನೂ ಪರೀಕ್ಷಿಸಿದರು, ಸೋಂಕು ನಿಲ್ಲಲಿಲ್ಲ. ಕಾರಣ ಎಸಿಇ2ರದ್ದೇ: ಮಾತ್ರೆ ಕೂರುವುದು ಕಿಣ್ವದ ಜಾಗದಲ್ಲಿ, ವೈರಸ್ ಅಂಟುವುದು ಬೇರೆಡೆ. ನೆಗಡಿಯ 229ಇ ವೈರಸ್ಸಿಗೆ ಅಮೈನೋಪೆಪ್ಟಿಡೇಸ್-ಎನ್ ರಿಸೆಪ್ಟರ್. ಎಚ್‌ಕೆಯು1 ಎಂಬ ಇನ್ನೊಂದು ನೆಗಡಿ ವೈರಸ್ಸಿಗೆ ಟೆಂಪ್ರೆಸ್ಸೇ ರಿಸೆಪ್ಟರ್ ಎಂದು 2023ರಲ್ಲಿ ಗೊತ್ತಾಯಿತು. ಉಳಿದವಕ್ಕೆ ಕತ್ತರಿಯಾದದ್ದು ಇದಕ್ಕೆ ಹಿಡಿಕೆ.

ಇನ್ನು ಮುಂದೆ 'ಇಂಥ ಔಷಧ ಲ್ಯಾಬಿನಲ್ಲಿ ವೈರಸ್ ಕೊಂದಿತು' ಎಂಬ ಸುದ್ದಿ ಕಂಡರೆ ಮೊದಲು ಯಾವ ಕೋಶದಲ್ಲಿ ಎಂದು ಹುಡುಕಿ. ವೀರೋ ಮಾತ್ರವಾದರೆ ಆ ಸುದ್ದಿಯನ್ನು ಬದಿಗಿಡಿ. ಕ್ಯಾಲು-3 ಅಥವಾ ಮನುಷ್ಯನ ಶ್ವಾಸನಾಳದ ಕೋಶಗಳಿದ್ದರೆ ಮುಂದೆ ಓದಿ. ಔಷಧವನ್ನು ವೈರಸ್‌ಗಿಂತ ಮುಂಚೆ ಹಾಕಿದರೋ, ಆಮೇಲೋ ನೋಡಿ: ಮುಂಚೆ ಹಾಕಿದಾಗ ಮಾತ್ರ ಕೆಲಸ ಮಾಡಿದ್ದರೆ ಅದು ಪ್ರವೇಶ ತಡೆಯುವ ಔಷಧ, ಕಾಯಿಲೆ ಬಿದ್ದವರಿಗಿಂತ ಬೀಳುವ ಮುನ್ನ ಕೊಡಬೇಕಾದದ್ದು. ಕೊನೆಗೆ, ಬಳಸಿದ ಪ್ರಮಾಣವನ್ನು ಅದೇ ಔಷಧದ ಸಾಮಾನ್ಯ ಡೋಸ್ ನುಂಗಿದಾಗ ರಕ್ತದಲ್ಲಿ ಸಿಗುವ ಮಟ್ಟದೊಂದಿಗೆ ಹೋಲಿಸಿ. ಲ್ಯಾಬಿನದು ಹತ್ತಾರು ಪಟ್ಟು ಹೆಚ್ಚಿದ್ದರೆ ಆ ಮಟ್ಟ ಮುಟ್ಟುವ ಮೊದಲೇ ರೋಗಿಗೆ ವಿಷವಾಗುವ ಸಂಭವವೇ ಹೆಚ್ಚು.